ಕುಂಕುಮ ಉಗುಳಿದ ತಂಪು ಪೆಟ್ಟಿಗೆ

ಮಕ್ಕಳೇ, ಶ್ರೀನಿಧಿ, ಚೈತ್ರಾ, ಪುಟ್ಟ ಅಭಿ,

ಹೋದ ತಿಂಗಳು ಶ್ರೀನಿಧಿ ರಜಕ್ಕೆ ಬಂದಿದ್ದಾಗ ನಡೆದದ್ದು ನಿಮಗೆ ನೆನಪಿರಬಹುದು. ಐ.ಟಿ.ಐ.ಯಲ್ಲಿ ಏಸಿ ರಿಪೇರಿ ಕಲಿಯಲು ಸೇರಿದ ಮೇಲೆ ಅವನಿಗೆ ಗೋಡೆಯ ಮೇಲೆ ಇರುವುದನ್ನೆಲ್ಲ ಬಿಚ್ಚಿ ನೋಡುವ ಚಪಲ. ನಿಮ್ಮ ಕೋಣೆಯ ಏಸಿಯ ಮುಚ್ಚಳ ತೆಗೆದು, ಒಳಗಿನ ಫಿಲ್ಟರ್ ಹೊರಗೆಳೆದು, ಅದರ ಮೇಲೆ ಕೂತಿದ್ದ ಧೂಳು ಕಂಡು, "ಅಯ್ಯಯ್ಯೋ, ಇದನ್ನ ಉಸಿರಾಡ್ತಿದ್ರಾ ನೀವೆಲ್ಲ?" ಎಂದ. ನಾನು ಹತ್ತಿರ ಹೋಗಿ ಒಂದು ಮಾತು ಹೇಳಲು ಬಾಯಿ ತೆರೆದೆ. "ಅಜ್ಜಿ, ದೂರ ಇರು, ಧೂಳು. ಇದೆಲ್ಲ ನಿಂಗೆ ಗೊತ್ತಾಗಲ್ಲ" ಎಂದ. ನಾನು ಸುಮ್ಮನೆ ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಎದುರಿಗೆ ನಿಂತು ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶ್ರೀನಿಧಿ, ನಿನ್ನ ಅಜ್ಜಿಯ ನೌಕರಿ ನಡೆದದ್ದೇ ಅಂಥ ಒಂದು ಫಿಲ್ಟರ್ ತೊಳೆಯುವುದರಿಂದ. ಅಷ್ಟೇ ಏಕೆ, ನೀವು ಮೂವರೂ ಈ ಲೋಕಕ್ಕೆ ಬಂದದ್ದಕ್ಕೂ ಅದರ ಪಾಲು ಸ್ವಲ್ಪ ಇದೆ. ಅದನ್ನು ಹೇಳುತ್ತೇನೆ, ನಗಬಾರದು. ನಕ್ಕರೂ ನನ್ನ ಎದುರಿಗೆ ನಗಬೇಡಿ.

ನಾನು ನಿಟ್ಟೂರಿನ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವಳು. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ನನ್ನನ್ನೂ ಅಮ್ಮನನ್ನೂ ಸಾಗರಕ್ಕೆ ಕರೆತಂದರು. ಅವರು ಅಲ್ಲಿ ಒಂದು ಸರ್ಕಾರಿ ಕಚೇರಿಯ ವಾಚ್‌ಮನ್. ಹೊಳೆ, ರಸ್ತೆ, ಸೇತುವೆ, ಅಣೆಕಟ್ಟಿನ ಮುಳುಗಡೆಯ ಜಮೀನು ಎಲ್ಲದಕ್ಕೂ ನಕ್ಷೆ ತಯಾರಾಗುವ ಕಚೇರಿ ಅದು. ಅರವತ್ತರ ದಶಕದ ಆ ವರ್ಷಗಳಲ್ಲಿ ಸಾಗರದಲ್ಲಿ ಎಲ್ಲಿ ನೋಡಿದರೂ ಲಾರಿ, ಜೀಪು, ಕೆಂಪು ಧೂಳು. ಕಚೇರಿಯ ಕಸ ಗುಡಿಸಲು, ನೀರು ಕೊಡಲು ಒಬ್ಬರು ಬೇಕು ಎಂದಾಗ ದೊಡ್ಡಪ್ಪ ನನ್ನನ್ನು ಮುಂದೆ ನಿಲ್ಲಿಸಿ, "ಮಾತು ಕಮ್ಮಿ ಸಾರ್, ಕೆಲ್ಸ ಚಲೋ ಮಾಡ್ತದೆ" ಎಂದರು. ನನ್ನ ಇಂಟರ್‌ವ್ಯೂ ಅಲ್ಲಿಗೆ ಮುಗಿಯಿತು.

ಕಚೇರಿಯ ಹಿಂಬದಿಯ ದೊಡ್ಡ ಕೋಣೆಗೆ ಟ್ರೇಸಿಂಗ್ ರೂಮು ಎನ್ನುತ್ತಿದ್ದರು. ಅಲ್ಲಿ ಟ್ರೇಸರ್‌ಗಳು ಎತ್ತರದ ಮೇಜಿಗೆ ಬಾಗಿ, ಮೂಲ ನಕ್ಷೆಯ ಮೇಲೆ ಗಂಜಿ ಹಾಕಿದ ತೆಳುವಾದ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಮಸಿಯಲ್ಲಿ ಗೆರೆ ಎಳೆಯುತ್ತಿದ್ದರು. ಆ ಬಟ್ಟೆಗೆ ನೀರು ಎಂದರೆ ಆಗದು. ಒಂದು ಹನಿ ಬೆವರು ಬಿದ್ದರೂ ಗಂಜಿ ಕರಗಿ ಕಲೆಯಾಗುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಇನ್ನು ಆ ಬಟ್ಟೆಯ ಗತಿ ಏನು? ಮೆತ್ತಗಾಗಿ ಜೋಲುತ್ತಿತ್ತು, ಮಸಿ ಹರಡಿ ಹೊಳೆ ಎಲ್ಲಿ, ದಡ ಎಲ್ಲಿ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಮೇಲಿನವರು ಒಂದು ಏರ್ ಕಂಡೀಷನರ್ ಕಳಿಸಿದರು. ಅದು ಬಂದದ್ದು ನಕ್ಷೆಗಳ ಆರೋಗ್ಯಕ್ಕೆ. ಒಳಗೆ ಮನುಷ್ಯರೂ ಕೂತಿರುತ್ತಾರೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಲಾರಿಯಿಂದ ಇಳಿಸಿದಾಗ ಅದು ದೊಡ್ಡ ಟ್ರಂಕಿನ ಹಾಗಿತ್ತು. ಕಿಟಕಿ ಕಿತ್ತು ಅಲ್ಲಿ ಅದನ್ನು ಕೂರಿಸಿದರು. ಉಳಿದ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದರು. ಗುಂಡಿ ಒತ್ತಿದರೆ ಅಕ್ಕಿ ಗಿರಣಿಯ ಸದ್ದು. ಸ್ವಲ್ಪ ಹೊತ್ತಿಗೆ ಕೋಣೆ ಎಷ್ಟು ತಣ್ಣಗಾಯಿತೆಂದರೆ, ಬಟ್ಟೆ ಗರಿಗರಿಯಾಗಿ ನಿಂತಿತು, ಟ್ರೇಸರ್‌ಗಳು ಮೆತ್ತಗಾದರು. ಮರುದಿನದಿಂದ ಎಲ್ಲರೂ ಸ್ವೆಟರು, ಮಫ್ಲರು. ಗಣಪತಿ ಹೆಗಡೆ ಎಂಬ ಟ್ರೇಸರ್ ಒಬ್ಬರಿದ್ದರು, ಸಾಗರದ ಪಕ್ಕದ ಹಳ್ಳಿಯವರು, ಬಾಯಿ ಸುಮ್ಮನಿರದ ಮನುಷ್ಯ. ಅವರು ಮಂಕಿ ಕ್ಯಾಪ್ ಹಾಕಿಕೊಂಡು ಬಂದು, "ಎಂತ ಮಾರಾಯ್ರೇ, ನಮ್ಮನೇಲಿ ಚಳಿಗೆ ಬೆಂಕಿ ಕಾಸ್ತ್ರು. ಇಲ್ಲಿ ಸರ್ಕಾರ ಚಳಿಗೆ ಸಂಬಳ ಕೊಡ್ತು!" ಎನ್ನುತ್ತಿದ್ದರು.

ಬ್ಯಾಕೋಡು ಕಡೆಯ ಒಬ್ಬ ಮುದುಕರು ತಮ್ಮ ಗದ್ದೆ ನಕ್ಷೆಯಲ್ಲಿ ಎಲ್ಲಿದೆ ಎಂದು ನೋಡಲು ಬಂದವರು ಬಾಗಿಲಲ್ಲೇ ನಡುಗಿ ನಿಂತರು. "ಗದ್ದೆ ನೀರಾಗೆ ಮುಳುಗ್ಸಾದು ಸಾಕಾಗ್ಲಿಲ್ಲ ಅಂತ, ನಮ್ಮನ್ನೂ ಇಲ್ಲಿ ತಣ್ಣೀರಾಗೆ ಇಡ್ತೀರಾ ಸಾಮಿ?" ಎಂದು ಕೇಳಿದರು. ನಾನು ಬಿಸಿ ಕಾಫಿ ತಂದುಕೊಟ್ಟೆ.

ನಮ್ಮೆಲ್ಲರ ಮೇಲಧಿಕಾರಿ ಹೆಡ್ ಡ್ರಾಫ್ಟ್ಸ್‌ಮನ್ ನರಸಿಂಗರಾಯರು. ತೀರ್ಥಹಳ್ಳಿ ಕಡೆಯವರು. ಬಿಳಿ ಅಂಗಿ, ಬಿಳಿ ಪಂಚೆ, ಸೊಂಟದಲ್ಲಿ ನಸ್ಯದ ಡಬ್ಬಿ. ಗೆರೆ ಸ್ವಲ್ಪ ದಪ್ಪವಾದರೂ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು; ನಸ್ಯವೂ ಅಲ್ಲೇ ಇದ್ದದ್ದರಿಂದ ಎರಡೂ ಸೇರಿ ಸೀನಾಗಿ ಹೊರಬರುತ್ತಿತ್ತು. ಆ ಯಂತ್ರ ಬಂದ ದಿನದಿಂದ ಅದು ಅವರ ಮನೆದೇವರು. ಅವರ ಹೊರತು ಯಾರೂ ಮುಟ್ಟುವಂತಿಲ್ಲ. ಆದರೆ ಚಳಿ ಅವರಿಗೂ ಆಗುತ್ತಿರಲಿಲ್ಲ. ಗಾಳಿ ಹೊರಗೆ ಬರುವ ಪಟ್ಟಿಗಳನ್ನು ತಿರುಗಿಸಿ, ಅದು ತಮ್ಮ ಕುತ್ತಿಗೆಗೆ ಬೀಳದಂತೆ ಮೂಲೆಯ ಕಡೆಗೆ ಮಾಡಿಟ್ಟಿದ್ದರು.

ಆ ಮೂಲೆಯ ಮೇಜಿನಲ್ಲಿ ಕೂರುತ್ತಿದ್ದವರು ನಿಮ್ಮಜ್ಜ. ಆಗ ಅವರು ನಿಮ್ಮಜ್ಜ ಆಗಿರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ್ದ, ಇನ್ನೂ ಕಾಯಂ ಆಗದ, ಎಲ್ಲರಿಗಿಂತ ಚಿಕ್ಕ ಟ್ರೇಸರ್. ಹೊಸಬನಿಗೆ ಮೂಲೆ ಎಂಬುದು ಎಲ್ಲ ಕಚೇರಿಗಳ ನಿಯಮ. ಅವರ ಹೆಸರು ಬರೆಯಲು ನನ್ನ ಕೈ ಏಳುವುದಿಲ್ಲ. ಇಷ್ಟು ವರ್ಷ ಹೇಳದ್ದನ್ನು ಈಗ ಹೇಗೆ ಬರೆಯಲಿ? ನಿಮ್ಮ ಅಪ್ಪನ ಹೆಸರಿನ ಮುಂದಿದೆ, ನೋಡಿಕೊಳ್ಳಿ. ಇಲ್ಲಿ ಇವರು ಎಂದೇ ಬರೆಯುತ್ತೇನೆ.

ಯಂತ್ರ ಕೂರಿಸಲು ಶಿವಮೊಗ್ಗದಿಂದ ಬಂದಿದ್ದವರು ಬಾಷಾ ಮೇಸ್ತ್ರಿ. ಹೊರಡುವಾಗ ಅವರು ಮುಂದಿನ ಮುಚ್ಚಳ ತೆಗೆದು, ಬೆರಳು ದಪ್ಪದ ಸ್ಪಂಜಿನ ಹಾಳೆಯೊಂದನ್ನು ತೋರಿಸಿ, "ರಾಯರೇ, ಇದು ಫಿಲ್ಟರ್. ಕೋಣೆ ಗಾಳಿ ಇದರಲ್ಲಿ ಸೋಸಿ ಒಳಗೆ ಹೋಗ್ತದೆ. ಆಗಾಗ ತೊಳೀಬೇಕು" ಎಂದರು. ತೊಳೆಯುವುದು ಎಂದ ಕೂಡಲೇ ರಾಯರು ಕೋಣೆಯನ್ನೆಲ್ಲ ನೋಡಿದರು. ಎಲ್ಲರೂ ನನ್ನನ್ನು ನೋಡಿದರು. ಯಾರೂ ಮುಟ್ಟಬಾರದ ದೇವರ ಪೂಜಾರಿಕೆ ಹೀಗೆ ನನ್ನ ಪಾಲಿಗೆ ಬಂತು. ಆ ಫಿಲ್ಟರನ್ನು ನಾವು ಜರಡಿ ಎನ್ನುತ್ತಿದ್ದೆವು.

ಹೇಗೆ ತೊಳೆಯಬೇಕು ಎಂದು ಮೇಸ್ತ್ರಿ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ನಮ್ಮಲ್ಲಿ ತೊಳೆಯಲು ಗೊತ್ತಿದ್ದ ಕ್ರಮ ಒಂದೇ. ಬಾವಿಕಟ್ಟೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲು. ಅಂಟುವಾಳದ ನೊರೆಯಲ್ಲಿ ನೆನೆಸಿ ಕುಕ್ಕತೊಡಗಿದೆ. ರಾಯರು ಕೈಕಟ್ಟಿ ನಿಂತು ಉಸ್ತುವಾರಿ ಮಾಡಿದರು.

"ಇನ್ನೂ ಕೆಂಪು ನೀರು ಬರ್ತಾ ಇದೆಯಲ್ಲೇ. ಇನ್ನೊಂದೆರಡು ಏಟು ಹಾಕು."

"ಹರೀತದೇನೋ ರಾಯರೇ..."

"ಫಾರಿನ್ ಮಾಲು ಕಣೇ ಅದು! ನಿಮ್ಮ ದೊಡ್ಡಪ್ಪನ ಪಂಚೆ ಅಂದ್ಕೊಂಡ್ಯಾ?"

ಹಾಕಿದೆ. ಫಾರಿನ್ ಮಾಲು ಎರಡಾಯಿತು. ದೊಡ್ಡಪ್ಪನ ಪಂಚೆ ಅದೇ ಕಲ್ಲಿನ ಮೇಲೆ ಹತ್ತು ವರ್ಷ ಬಾಳಿತ್ತು. ರಾಯರು ಎರಡು ತುಂಡನ್ನೂ ಎತ್ತಿ ಹಿಡಿದು, ಜೋಡಿಸಿ ನೋಡಿ, ಒಂದು ಚಿಟಿಕೆ ನಸ್ಯ ಏರಿಸಿ, "ಶಿವಮೊಗ್ಗಕ್ಕೆ ಬರೆಯೋಣ" ಎಂದರು. ನನಗೆ ಬೈಯಲಿಲ್ಲ. ಬೈದರೆ ಅರ್ಧ ಬೈಗುಳ ತಮಗೇ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಶಿವಮೊಗ್ಗದಿಂದ ಹೊಸ ಜರಡಿ ಬರುತ್ತದೆ, ಬರುತ್ತದೆ ಎಂದು ಕಾದದ್ದೇ ಕಾದದ್ದು. ಅಷ್ಟರವರೆಗೆ ಏನಾದರೂ ಒಂದು ಬೇಕಲ್ಲ. ಮೊದಲು ಸೊಳ್ಳೆಪರದೆಯ ತುಂಡು ಕಟ್ಟಿದೆವು. ತಂಪು ಚೆನ್ನಾಗಿ ಬಂತು, ಅದರ ಜೊತೆಗೆ ರಸ್ತೆಯ ಧೂಳೂ ಚೆನ್ನಾಗಿ ಬಂತು. ಸೊಳ್ಳೆ ಮಾತ್ರ ಬರಲಿಲ್ಲ. ಆಮೇಲೆ ರಾಯರಿಗೆ ಒಂದು ಯೋಚನೆ ಬಂದು ದೊಡ್ಡಪ್ಪನ ಹಳೇ ಕಂಬಳಿಯ ತುಂಡು ಹಾಕಿಸಿದರು. ಅದರಲ್ಲಿ ಧೂಳು ನುಸುಳಲಿಲ್ಲ ನಿಜ, ಗಾಳಿಯೂ ನುಸುಳಲಿಲ್ಲ. ಯಂತ್ರ ಉಬ್ಬಸದವರ ಹಾಗೆ ಏದುಸಿರು ಬಿಟ್ಟು, ಒಳಗೆಲ್ಲ ಮಂಜುಗಡ್ಡೆ ಕಟ್ಟಿ, ಅದು ಕರಗಿ ಹೆಗಡೆಯವರ ನಕ್ಷೆಯ ಮೇಲೆ ತೊಟ್ಟಿಕ್ಕಿತು. "ಇಲ್ಲಿ ಕೆರೆ ಇಲ್ಲೆ ಅಂತ ಬರದಿದ್ದಿ. ಈಗ ಆತು" ಎಂದರು ಹೆಗಡೆ.

ಮೂರನೆಯದು ಲಾವಂಚದ ಚಾಪೆ. ಬೇರನ್ನು ಒತ್ತಾಗಿ ನೇಯ್ದದ್ದು. ಪೇಟೆಯಲ್ಲಿ ಹೇಳಿ ಅಳತೆಗೆ ಮಾಡಿಸಿದರು. ಏನು ಪರಿಮಳ ಅಂತೀರಿ! ಕೋಣೆ ದೇವರ ಮನೆಯ ಹಾಗಾಯಿತು. ಬೇರೆ ವಿಭಾಗದವರೆಲ್ಲ ಏನೋ ನೆಪ ಹೇಳಿ ಬಂದು ಮೂಸಿ ಹೋಗುತ್ತಿದ್ದರು. ರಾಯರಿಗೆ ತಾವೇ ಯಂತ್ರ ಕಂಡುಹಿಡಿದಷ್ಟು ಹೆಮ್ಮೆ. ಈಗಲೂ ಜನ ಇದೇ ತಪ್ಪು ಮಾಡುತ್ತಾರೆ, ಶ್ರೀನಿಧಿ. ಪರಿಮಳ ಬಂದರೆ ಗಾಳಿ ಶುದ್ಧವಾಯಿತು ಎಂದುಕೊಳ್ಳುತ್ತಾರೆ.

ಮಳೆಗಾಲ ಹಿಡಿಯಿತು. ಚಾಪೆ ತೊಳೆದರೆ ಒಣಗುವುದು ಹೇಗೆ? ಬಿಸಿಲು ಎಂಬುದೇ ಇಲ್ಲ. ಮಳೆಗಾಲದಲ್ಲಿ ನಾವು ಬಟ್ಟೆ ಒಣಗಿಸುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರಿನ ತಡಿಕೆಯಲ್ಲಿ. ಚಾಪೆಯನ್ನೂ ಅಲ್ಲೇ ಇಟ್ಟೆ. ಮರುದಿನ ಅದನ್ನು ಯಂತ್ರಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಕೋಣೆ ತುಂಬ ಹೊಗೆಯ ವಾಸನೆ. "ಬೆಂಕಿ ಬಿತ್ತಲ ಮಾರಾಯ್ರೇ!" ಎಂದು ಹೆಗಡೆಯವರು ಮಂಕಿ ಕ್ಯಾಪ್ ಸಮೇತ ಮಳೆಯಲ್ಲಿ ಹೊರಗೋಡಿದರು. ಒಲೆಯ ಶಾಖಕ್ಕೆ ಚಾಪೆ ಬಿಗಿದು ಸ್ವಲ್ಪ ಕುಗ್ಗಿಯೂ ಇತ್ತು. ಒಂದು ಬದಿಯಲ್ಲಿ ಸಂದು ಬಿಟ್ಟಿತ್ತು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ, ನಾನೂ ಮಾಡಲಿಲ್ಲ. ಹೊಗೆ ವಾಸನೆ ಬೇಡವೆಂದು ಆಮೇಲಿಂದ ರಾಯರು ಕೊಡವಿ ಅರೆಒದ್ದೆಯಲ್ಲೇ ಹಾಕಿಸುತ್ತಿದ್ದರು. ಒಂದಿಷ್ಟು ದಿನಕ್ಕೆ ಲಾವಂಚದ ಪರಿಮಳದ ಅಡಿಯಲ್ಲಿ ಇನ್ನೊಂದು ವಾಸನೆ ಸೇರಿಕೊಂಡಿತು, ಹಳೇ ಕೊಡೆಯನ್ನು ಬಿಚ್ಚಿದಾಗ ಬರುತ್ತದಲ್ಲ, ಹಾಗೆ.

ಇವರು ಕೆಮ್ಮಲು ಶುರು ಮಾಡಿದ್ದು ಆಗ.

ಮೊದಮೊದಲು ಎಲ್ಲರೂ ತಮಾಷೆ ಮಾಡಿದರು. ಗೆರೆ ಎಳೆಯುವಾಗ ಕೆಮ್ಮು ಬಂದರೆ ಕೈ ಅದುರಿ ನೇರ ರಸ್ತೆ ಸೊಟ್ಟಗಾಗುತ್ತಿತ್ತು. "ತಮ್ಮಾ, ಆ ತಿರುವಲ್ಲಿ ಬಸ್ಸು ಬಿದ್ದೋತು ನೋಡು" ಎನ್ನುತ್ತಿದ್ದರು ಹೆಗಡೆ. ತಿಂಗಳು ಕಳೆದರೂ ಕೆಮ್ಮು ನಿಲ್ಲದಿದ್ದಾಗ ತಮಾಷೆ ನಿಂತಿತು. ಇವರು ಊರಿಗೆ, ತೀರ್ಥಹಳ್ಳಿಗೆ, ಹೋಗಿ ಒಂದೆರಡು ದಿನ ಇದ್ದು ಬಂದರೆ ಕೆಮ್ಮು ಇಳಿದಿರುತ್ತಿತ್ತು. ಇವರ ಅಮ್ಮನ ಕಷಾಯದ ಗುಣ ಎಂದುಕೊಂಡೆವು. ಬಂದು ಮೂಲೆಯಲ್ಲಿ ಕೂತ ಮೇಲೆ ಮತ್ತೆ ಅದೇ. ಸೊರಗಿದರು. ಆಗ ಯಾರೋ ಆ ಮಾತು ಆಡಿದರು: ಕ್ಷಯ.

ಆಗಿನ ಕಾಲದಲ್ಲಿ ಆ ಮಾತು ಒಂದು ಸಲ ಬಾಯಿಂದ ಹೊರಬಿದ್ದರೆ ಮನುಷ್ಯ ಅರ್ಧ ಸತ್ತ ಹಾಗೆ. ರೂಮು ಕೊಟ್ಟ ಮನೆಯವರು ಬೇರೆ ಕಡೆ ನೋಡಿಕೊಳ್ಳಿ ಎಂದರು. ಪೇಟೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಕಫದ ಪರೀಕ್ಷೆ ಮಾಡಿಸು ಎಂದರು. ಇವರು ಮಾಡಿಸಲಿಲ್ಲ. ಮಾಡಿಸಿದರೆ ಹೌದು ಎಂದುಬಿಟ್ಟಾರು ಎಂಬ ಹೆದರಿಕೆ. ಇವರ ಸಂಬಳದಲ್ಲಿ ಊರಲ್ಲಿ ತಾಯಿ, ಮದುವೆಯಾಗದ ಇಬ್ಬರು ತಂಗಿಯರು. ರಾಯರು ಒಂದು ದಿನ ಇವರನ್ನು ಕರೆದು, ಮುಖ ನೋಡದೆ ಹೇಳಿದರು: "ನೋಡಯ್ಯಾ, ನಂಗೆ ಉಳಿದವರ ಜೀವಾನೂ ನೋಡ್ಬೇಕು. ದಸರಾ ರಜಕ್ಕೆ ಊರಿಗೆ ಹೋಗು. ಡಾಕ್ಟರ ಸರ್ಟಿಫಿಕೇಟು ಇದ್ರೆ ಮಾತ್ರ ವಾಪಸ್ ಬಾ. ಇಲ್ದಿದ್ರೆ ಬರ್ಬೇಡ."

ನನಗೆ ಬೇರೊಂದು ಆಜ್ಞೆ ಆಯಿತು. ಇವರ ನೀರಿನ ಲೋಟ ಬೇರೆ ಇಡಬೇಕು. ಎಲ್ಲರ ಲೋಟ ತಟ್ಟೆಯಲ್ಲಿ, ಇವರದು ಹಿಂದಿನ ಗೂಡಿನಲ್ಲಿ, ಒಂಟಿ. ಇಟ್ಟೆ. ಬಾಯಿಬಿಟ್ಟು ಏನಾದರೂ ಹೇಳುವ ಧೈರ್ಯ ನನಗೆ ಇರಲಿಲ್ಲ. ಒಂದು ದಿನ ನನ್ನ ಲೋಟವನ್ನೂ ತೊಳೆದು ಅದೇ ಗೂಡಿನಲ್ಲಿ, ಅದರ ಪಕ್ಕ ಇಟ್ಟೆ. ನೀರು ಕುಡಿಯಲು ಬಂದ ಇವರು ಎರಡು ಲೋಟ ನೋಡಿದರು. "ಇದ್ಯಾರದು?" ಎಂದು ಕೇಳಿದರು. ನಾನು ಪೊರಕೆ ತೆಗೆದುಕೊಂಡು ಅಂಗಳಕ್ಕೆ ಹೋಗಿಬಿಟ್ಟೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ.

ಆಯುಧಪೂಜೆ ಬಂತು. ಕಚೇರಿಯಲ್ಲಿ ಅದು ದೊಡ್ಡ ಸಂಭ್ರಮ. ಸ್ಕೇಲು, ಕೈವಾರ, ಮಸಿಯ ಪೆನ್ನು, ಜೀಪು ಎಲ್ಲಕ್ಕೂ ಗಂಧ, ಹೂವು. ರಾಯರ ಮನೆದೇವರಿಗೆ ವಿಶೇಷ ಪೂಜೆ ಆಗಬೇಡವೇ? ಅವರೇ ಮುಂದಿನ ಮುಚ್ಚಳ ತೆಗೆದರು. ಒಣಗಿದ್ದ ಚಾಪೆಗೆ ವಿಭೂತಿಯ ಮೂರು ಪಟ್ಟೆ ಎಳೆದರು. ಅದರ ಮೇಲೆ ಅರಿಶಿನ, ಕುಂಕುಮವನ್ನು ಮುಷ್ಟಿಯಲ್ಲೇ ಹಿಡಿದು, ಅಂಚು ಮೂಲೆ ಬಿಡದೆ ಧಾರಾಳವಾಗಿ ಎರಚಿದರು. ಸಂದುಗಳಲ್ಲೆಲ್ಲ ಸೇವಂತಿಗೆ ಎಸಳು ತುರುಕಿದರು. ಮುಚ್ಚಳ ಹಾಕಿ ಅದಕ್ಕೊಂದು ಹಾರ. ಎಲ್ಲರೂ ಕೈಮುಗಿದು ನಿಂತೆವು. ಇವರು ತಮ್ಮ ಮೂಲೆಯಲ್ಲಿ, ಊರಿಗೆ ಹೊರಡುವ ಚೀಲ ಕಾಲ ಬುಡದಲ್ಲಿಟ್ಟುಕೊಂಡು, ಮೇಜಿನ ಮೇಲಿನ ನಕ್ಷೆಯ ಕೊನೆಯ ಗೆರೆ ಮುಗಿಸಿ ನಿಂತಿದ್ದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿದ್ದೆ.

ರಾಯರು ಮಂಗಳಾರತಿ ಎತ್ತಿ, "ಹಾಕಯ್ಯಾ ಸ್ವಿಚ್ಚು! ಫುಲ್ಲು!" ಎಂದರು.

ಯಂತ್ರ ಒಮ್ಮೆ ಗುರ್ ಎಂದಿತು. ಆಮೇಲೆ ಉಗುಳಿತು ನೋಡಿ! ಕೆಂಪು, ಹಳದಿ, ಬಿಳಿ, ಅದರ ಜೊತೆ ಕಪ್ಪು ಬೂಷ್ಟಿನ ಹುಡಿ, ಲಾವಂಚದ ಚೂರು, ಹೂವಿನ ಎಸಳು ಎಲ್ಲ ಸೇರಿ ಒಂದು ಮೋಡ. ಅದು ಅತ್ತ ಇತ್ತ ಹೋಗಲಿಲ್ಲ. ನೆಟ್ಟಗೆ ಮೂಲೆಗೆ ಹೋಯಿತು. ರಾಯರ ಅಂಗಿ ಹಾಲಿನಷ್ಟು ಬೆಳ್ಳಗೆ, ಹೆಗಡೆಯವರ ಟೊಪ್ಪಿಯ ಮೇಲೆ ಒಂದು ಚುಕ್ಕೆಯಿಲ್ಲ. ಇವರು ಮಾತ್ರ ತಲೆಯಿಂದ ಸೊಂಟದವರೆಗೆ ಕೆಂಪು. ಮೇಜು ಕೆಂಪು. ಆಗಷ್ಟೇ ಮುಗಿದ ನಕ್ಷೆ ಕೆಂಪು. ಪಕ್ಕದಲ್ಲಿದ್ದ ನನ್ನ ಹಣೆ, ತಲೆಗೂದಲಿಗೂ ಒಂದಿಷ್ಟು ಬಿದ್ದಿತ್ತು.

ಆಮೇಲೆ ಹೆಗಡೆಯವರು, "ಎಂತದೋ ತಮ್ಮಾ ಇದು, ಮದುವೆ ಗಂಡಾಗಿ ನಿಂತ್‌ಬಿಟ್ಯಲಾ! ರಾಯರೇ, ಹೆಣ್ಣೂ ಪಕ್ಕದಲ್ಲೇ ಇದ್ದು. ಮಂತ್ರ ಮುಂದುವರೀಲಿ!" ಎಂದರು. ಕೋಣೆಯೆಲ್ಲ ಹೋ ಎಂದು ನಕ್ಕಿತು. ನನಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಇವರು ನಗಲು ಹೋಗಿ ಕೆಮ್ಮತೊಡಗಿದರು. ಕೆಮ್ಮಿ ಕೆಮ್ಮಿ ಮೇಜು ಹಿಡಿದು ಬಗ್ಗಿದರು. ನಗು ತಾನಾಗಿ ನಿಂತಿತು.

ನಗದೇ ಇದ್ದವರು ರಾಯರೊಬ್ಬರೇ. ಅವರು ಸ್ವಿಚ್ಚು ಆರಿಸಲು ಹೇಳಿ, ಮೂಲೆಗೆ ಹೋಗಿ, ಮೇಜನ್ನೇ ನೋಡುತ್ತ ನಿಂತರು. ಕುಂಕುಮ ಅಲ್ಲಿ ಬೀಸಣಿಗೆಯ ಆಕಾರದಲ್ಲಿ ಬಿದ್ದಿತ್ತು, ಮೊನೆ ಯಂತ್ರದ ಕಡೆಗೆ, ಅಗಲ ಇವರ ಎದೆಯ ಕಡೆಗೆ. ಜೀವಮಾನವೆಲ್ಲ ನಕ್ಷೆ ನೋಡಿದ ಕಣ್ಣು ಅವರದು. ಬೆರಳಿಂದ ಆ ಗೆರೆಯನ್ನೇ ಹಿಂಬಾಲಿಸಿಕೊಂಡು ಯಂತ್ರದವರೆಗೆ ಹೋದರು, ಮುಚ್ಚಳ ತೆಗೆದರು. ಚಾಪೆಯ ಮೇಲಿನ ಕುಂಕುಮ ಚಾಪೆಯ ಮೇಲೇ ಇತ್ತು. ಕುಗ್ಗಿದ ಬದಿಯ ಸಂದಿನಲ್ಲಿ ಮಾತ್ರ ಗುಡಿಸಿದ ಹಾಗೆ ಖಾಲಿ. ಒಳಗೆಲ್ಲ ಕಪ್ಪು ಬೂಷ್ಟು.

"ಧೂಳೆಲ್ಲ ಇಲ್ಲಿಂದ ನುಗ್ತಾ ಇದೆ" ಎಂದರು ಮೆಲ್ಲಗೆ. "ನನ್ನ ಕುತ್ತಿಗೆ ಉಳಿಸ್ಕೊಳ್ಳೋಕೆ ಅಂತ ಗಾಳೀನ ಇವನೆದೆಗೆ ತಿರುಗಿಸಿಟ್ಟವನು ನಾನು."

ಇವರು ಕೆಮ್ಮಿನ ನಡುವೆ, "ಹಂಗಾದ್ರೆ ನಂಗೆ... ಅದಲ್ವಾ ಸಾರ್?" ಎಂದು ಕೇಳಿದರು. ಆ ದನಿ ನನಗೆ ಇನ್ನೂ ಕಿವಿಯಲ್ಲಿದೆ.

"ಗೊತ್ತಿಲ್ಲ ಕಣಯ್ಯಾ. ನೋಡೇಬಿಡೋಣ" ಎಂದರು ರಾಯರು.

ನೋಡಿದ ರೀತಿ ಅವರದೇ. ದಸರಾ ಮುಗಿದ ಮೇಲೆ, ಸರ್ಟಿಫಿಕೇಟು ಕೇಳದೆ, ಇವರನ್ನು ಹೊರಗಿನ ಜಗಲಿಯ ಮೇಜಿಗೆ ಕಳಿಸಿ, ತಾವೇ ಮಫ್ಲರ್ ಸುತ್ತಿಕೊಂಡು ಆ ಮೂಲೆಯಲ್ಲಿ ಕೂತರು. ಚಾಪೆ ಅದೇ, ಸಂದು ಅದೇ, ಪಟ್ಟಿಗಳ ದಿಕ್ಕು ಅದೇ. ಹೆಗಡೆಯವರು ದಿನಾ ಬೆಳಿಗ್ಗೆ, "ಎಂತಾದ್ರೂ ಆತಾ ರಾಯರೇ?" ಎಂದು ವಿಚಾರಿಸುವರು. "ಇನ್ನೂ ಇಲ್ಲ" ಎಂದು ರಾಯರು ಬೇಸರದಿಂದ ಹೇಳುವರು. ಜಗಲಿಯಲ್ಲಿ ಇವರ ಕೆಮ್ಮು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ಒಳಗಿಂದ ಖೊಕ್ ಎಂದು ಸದ್ದು ಬಂತು. ಹಿಂದೆಯೇ ಇನ್ನೆರಡು. ರಾಯರು ಪಂಚೆ ಎತ್ತಿ ಹಿಡಿದು ಜಗಲಿಗೆ ಓಡಿಬಂದರು.

"ನಂಗೂ ಬಂತು ಕಣಯ್ಯಾ! ನಂಗೂ ಬಂತು!"

ಕೆಮ್ಮು ಬಂದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ನೋಡಿಲ್ಲ. ಇವರ ಕೈ ಹಿಡಿದು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕತೆ ಕೇಳಿ ನಕ್ಕರೂ, ಪರೀಕ್ಷೆ ಬಿಡಲಿಲ್ಲ. "ಕತೆ ಚೆನ್ನಾಗಿದೆ, ಕಫ ಕೊಡಿ" ಎಂದರಂತೆ. ಇಬ್ಬರದೂ ಕಳಿಸಿದರು. ಇಬ್ಬರಲ್ಲೂ ಏನೂ ಇರಲಿಲ್ಲ. ಆ ಸುದ್ದಿ ಬಂದ ದಿನ ರಾಯರು ಹಿಂದಿನ ಗೂಡಿಗೆ ತಾವೇ ಹೋಗಿ ಇವರ ಲೋಟ ತರಲು ನೋಡಿದರೆ ಅಲ್ಲಿ ಎರಡು. "ಇದ್ಯಾರದೇ ಇನ್ನೊಂದು?" ಎಂದು ನನ್ನನ್ನು ಕೇಳಿದರು. ಈ ಸಲ ಗುಡಿಸಲು ಅಂಗಳವೂ ದೂರ ಇತ್ತು. ಇವರೇ ಜಗಲಿಯಿಂದ, "ಅದೂ ನಮ್ದೇ ಸಾರ್" ಎಂದರು. ನಮ್ಮದು ಎಂದ ಅರ್ಥ ತಿಳಿಯಲು ನಾನು ಒಂದು ದಿನ ತೆಗೆದುಕೊಂಡೆ. ರಾಯರು ಒಂದು ಚಿಟಿಕೆ ನಸ್ಯದಷ್ಟು ಹೊತ್ತು ತೆಗೆದುಕೊಂಡರು. ಅವರೇ ನನ್ನ ದೊಡ್ಡಪ್ಪನ ಹತ್ತಿರ ಮದುವೆಯ ಮಾತಾಡಿದ್ದು.

ಬಾಷಾ ಮೇಸ್ತ್ರಿ ಕೊನೆಗೂ ಬಂದರು. ಲಾವಂಚದ ಚಾಪೆ ಹೊರಗೆಳೆದು ಒಮ್ಮೆ ಕೊಡವಿ, ಎಡೆಬಿಡದೆ ಸೀನಿ, "ಯಾರ್ರೀ ಇಲ್ಲಿ ನಸ್ಯ ಹಾಕೋರು?" ಎಂದರು. ಎಲ್ಲರೂ ತಲೆಯೆತ್ತಿ ಸೂರು ನೋಡಿದರು. ಈ ಸಲ ತಗಡಿನ ಚೌಕಟ್ಟಿನಲ್ಲಿ ಕೂರಿಸಿದ ಸಣ್ಣ ತಂತಿಯ ಬಲೆ ತಂದಿದ್ದರು. ಹೇಗೆ ತೊಳೆಯಬೇಕೆಂದು ನಾನೇ ಕೇಳಿದೆ. ಕಚೇರಿಯಲ್ಲಿ ನಾನಾಗಿ ಆಡಿದ ಮೊದಲ ಮಾತು ಅದಿರಬೇಕು. ಅವರು ನನಗೆ ಕಲಿಸಿದ್ದನ್ನೇ, ಶ್ರೀನಿಧಿ, ನಾನು ಅವತ್ತು ನಿನಗೆ ಹೇಳಹೊರಟದ್ದು.

ಜರಡಿ ಆರಿಸುವಾಗ ಬೆಳಕಿಗೆ ಹಿಡಿದು ನೋಡು. ಬೆಳಕು ಧಾರಾಳ ಬಂದರೆ ಧೂಳೂ ಬರುತ್ತದೆ, ಬೆಳಕೇ ಬಾರದಿದ್ದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಹೆಚ್ಚು ಸೋಸುತ್ತದೆ ಎಂದು ಅಂಗಡಿಯವನು ಹೇಳಿದ್ದನ್ನೆಲ್ಲ ಹಾಕಬೇಡ. ನಿನ್ನ ಯಂತ್ರಕ್ಕೆ ಅದರಲ್ಲಿ ಗಾಳಿ ಎಳೆಯುವ ಶಕ್ತಿ ಇದೆಯೇ ಎಂದು ಕೇಳು. ಎಷ್ಟು ಒಳ್ಳೆಯ ಜರಡಿಯಾದರೂ ಅಂಚಿನಲ್ಲಿ ಸಂದು ಇದ್ದರೆ ಇಲ್ಲದ ಹಾಗೆಯೇ. ತೊಳೆಯುವಾಗ ಧೂಳು ಕೂತ ಬದಿಯ ಹಿಂದಿನಿಂದ ನೀರು ಬಿಡು, ತಿಕ್ಕಬೇಡ, ಬಿಸಿನೀರು ಬೇಡ. ನೆರಳಲ್ಲಿ ಪೂರ್ತಿ ಒಣಗುವವರೆಗೆ ಮತ್ತೆ ಹಾಕಬೇಡ. ನಮ್ಮ ಊರ ಮಳೆಗಾಲದಲ್ಲಿ ಅದಕ್ಕೆ ಎರಡು ಜರಡಿ ಇಟ್ಟುಕೊಳ್ಳಬೇಕು, ಒಂದು ಒಣಗುವಾಗ ಇನ್ನೊಂದು. ತೊಳೆದರೆ ಹಾಳಾಗುವ ಕಾಗದದ ಜಾತಿಯದಾದರೆ ಬದಲಾಯಿಸು, ಜಿಪುಣತನ ಮಾಡಬೇಡ. ಯಂತ್ರ ಇದೆ ಎಂದು ಕಿಟಕಿ ತೆರೆಯುವುದನ್ನು ಮರೆಯಬೇಡ. ರಾಯರು ಆಮೇಲೆ ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲ ಕಿಟಕಿ ತೆರೆಸುತ್ತಿದ್ದರು. ನಕ್ಷೆಗಳು ಒಂದು ಗಳಿಗೆ ಸಹಿಸಿಕೊಳ್ಳಲಿ ಎನ್ನುತ್ತಿದ್ದರು.

ಆ ಕಚೇರಿಯ ಒಂದು ಭಾಗ ಆಮೇಲೆ ಹೊಸನಗರಕ್ಕೆ ಹೋಯಿತು. ಯಂತ್ರವೂ ಹೋಯಿತು, ಅದರ ಹಿಂದೆ ನಾನೂ. ಯಂತ್ರ ಲಾರಿಯಲ್ಲಿ. ಜರಡಿ ಮುರಿದೀತೆಂದು ನಾನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ರಿಪ್ಪನ್‌ಪೇಟೆಯಲ್ಲಿ ಹತ್ತಿದ ಹೆಂಗಸೊಬ್ಬಳು ಬಹಳ ಹೊತ್ತು ಅದನ್ನೇ ನೋಡಿ, "ಹಪ್ಪಳ ಒಣಗ್ಸಾದಾ ಅಕ್ಕಾ?" ಎಂದು ಕೇಳಿದಳು. ಹೌದು ಎಂದೆ. ಏನೆಂದು ವಿವರಿಸಲಿ? ಪಕ್ಕದಲ್ಲಿ ಕೂತಿದ್ದ ಇವರು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದರು. ಆಮೇಲೆ ಯಂತ್ರವೂ ನಾವೂ ತೀರ್ಥಹಳ್ಳಿಗೆ ಹೋದೆವು. ಅಲ್ಲಿಯ ಕಚೇರಿಯಲ್ಲಿ ಒಬ್ಬ ಸಾಹೇಬರು ಬಾಗಿಲು ಮುಚ್ಚಿ, ಏಸಿ ಹಾಕಿ, ಒಂದರ ಮೇಲೊಂದು ಸಿಗರೇಟು ಸೇದಿ, ಜರಡಿ ಸರಿಯಿಲ್ಲ ಎಂದು ನನಗೆ ಬೈಯುತ್ತಿದ್ದರು. ಜರಡಿ ಧೂಳು ಹಿಡಿಯುತ್ತದೆ, ಹೊಗೆ ಹಿಡಿಯುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಯಂತ್ರ ಅಲ್ಲೇ ಕೊನೆಯುಸಿರೆಳೆಯಿತು. ಹೊಸ ಬಗೆಯವು ಬಂದವು, ಸದ್ದಿಲ್ಲದವು. ಅವುಗಳ ಜರಡಿ ಬೆರಳಲ್ಲಿ ಎಳೆದರೆ ಬರುತ್ತದೆ, ಆದ್ದರಿಂದಲೇ ಯಾರೂ ಎಳೆಯುವುದಿಲ್ಲ.

ಇವರು ಕೊನೆಯವರೆಗೂ ಏಸಿ ಇರುವ ಮನೆಗೆ ಹೋದರೆ ಗಾಳಿ ಎಲ್ಲಿ ಬೀಳುತ್ತದೆ ಎಂದು ಮೊದಲು ನೋಡಿ, ಆ ಕುರ್ಚಿ ಬಿಟ್ಟು ಕೂರುತ್ತಿದ್ದರು. "ನೀನು ಅಲ್ಲಿ ಕೂತ್ಕೋ, ನಿಂಗೆ ಅಭ್ಯಾಸ ಇದೆ" ಎಂದು ನನ್ನನ್ನು ರೇಗಿಸುತ್ತಿದ್ದರು.

ಆಯುಧಪೂಜೆಯ ದಿನ ಹಾಳಾದ ಆ ನಕ್ಷೆಯನ್ನು ರಾಯರು ಇವರಿಗೇ ಕೊಟ್ಟಿದ್ದರು. ಟ್ರೇಸಿಂಗ್ ಬಟ್ಟೆಯನ್ನು ಕುದಿಸಿ ಗಂಜಿ ತೆಗೆದರೆ ಒಳಗಿನಿಂದ ರೇಷ್ಮೆಯಂಥ ನುಣುಪಾದ ಬಟ್ಟೆ ಬರುತ್ತದೆ. ಮಸಿ ಹೋಗುತ್ತದೆ. ಇವರು ಹಾಗೇ ಮಾಡಿದರು. ಕುಂಕುಮ ಅರಿಶಿನದ ಕಲೆ ಮಾತ್ರ ಒಂದು ಮೂಲೆಯಲ್ಲಿ ಮಾಸಲಾಗಿ ಉಳಿಯಿತು. ಮದುವೆಗೆ ಮುಂಚೆ ಇವರು ನನಗೆ ಕೊಟ್ಟ ಒಂದೇ ಉಡುಗೊರೆ ಅದು. ನನ್ನ ಹಣೆಯ ಕುಂಕುಮ ಇವರ ಜೊತೆ ಹೋಯಿತು. ಇದರಲ್ಲಿರುವುದು ಇನ್ನೂ ಇದೆ.

ಈ ಹಾಳೆಗಳನ್ನು ಅದೇ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದೇನೆ. ಗಾಳಿಯಾಡುವ ಕಡೆ, ಥಂಡಿ ತಾಗದ ಹಾಗೆ ಇಟ್ಟುಕೊಳ್ಳಿ. ಮೂವರಲ್ಲಿ ಯಾರು ಇಟ್ಟುಕೊಂಡರೂ ಸರಿ, ಉಳಿದಿಬ್ಬರಿಗೆ ಕೇಳಿದಾಗ ಕೊಡಬೇಕು. ಬಟ್ಟೆಯನ್ನು ಒಗೆಯಬೇಡಿ. ಒಗೆಯಲೇಬೇಕು ಎನಿಸಿದರೂ, ಶ್ರೀನಿಧಿ, ಕಲ್ಲಿನ ಮೇಲಂತೂ ಬೇಡಪ್ಪ.

ನಿಮ್ಮ ಅಜ್ಜಿ